ಬಿಳಿನೊರೆಯಲ್ಲಿ ದೋಣಿ ತಗ್ಗುವುದೇಕೆ?

ಮಹದೇವಪುರದ ಕೆರೆಯ ನಿಶ್ಚಲ ಜಲದಲ್ಲಿ ಹಗುರವಾಗಿ ತೇಲಬಲ್ಲ ಕಯಾಕ್ ಎಂಬ ಕಿರುದೋಣಿಯು, ದಕ್ಷಿಣ ಕೊಡಗಿನ ಬರಪೊಳೆಯ ಮಳೆಗಾಲದ ಬಿಳಿನೊರೆಯಲ್ಲಿ ತಗ್ಗಿ ಇಳಿಯುವುದೇಕೆ? ಇದರ ಕಾರಣವನ್ನು ನಾವು ವಿಚಾರಿಸೋಣ.

2 ಮೀಟರು ಎತ್ತರದ ಬಂಡೆಯಿಂದ ಧುಮುಕಿದ ನೀರು, ಘರ್ಷಣೆಯನ್ನು ಗಣಿಸದಿದ್ದರೆ, ಸೆಕೆಂಡಿಗೆ ಸುಮಾರು 6.3 ಮೀಟರು ವೇಗವನ್ನು ಪಡೆಯುತ್ತದೆ. ಅದು ಆಳಕ್ಕಿಳಿಯುವಾಗ ಗಾಳಿಯನ್ನೂ ಸೆಳೆದೊಯ್ಯುತ್ತದೆ. ನೊರೆಯ ಗಾತ್ರದಲ್ಲಿ ಅರ್ಧ ಗಾಳಿಯಾದರೆ ಅದರ ಸಾಂದ್ರತೆಯೂ ಹೆಚ್ಚುಕಡಿಮೆ ಅರ್ಧವಾಗುವುದು. ಆರ್ಕಿಮಿಡೀಸನ ನಿಯಮದಂತೆ, ಅದೇ ಭಾರವನ್ನು ಹೊತ್ತು ತೇಲಲು ದೋಣಿಯು ಆಗ ಎರಡರಷ್ಟು ಗಾತ್ರವನ್ನು ಪಲ್ಲಟಗೊಳಿಸಬೇಕು.

ಇನ್ನೊಂದು ಅಪಾಯವೂ ಉಂಟು. ಬಂಡೆಯ ಬುಡದಲ್ಲಿ ಕೆಳಪದರದ ನೀರು ಮುಂದೆ ಸಾಗಿದರೂ, ಮೇಲ್ಪದರವು ಹಿಮ್ಮುಖವಾಗಿ ಹರಿದು ಸಿಕ್ಕಿದ ದೋಣಿಯನ್ನು ಅಲ್ಲಿಯೇ ಹೊರಳಿಸುತ್ತದೆ. ಆದುದರಿಂದ ನುರಿತವನು ಮೊದಲು ದಡದಲ್ಲಿ ನಡೆದು ಪ್ರವಾಹವನ್ನು ಪರೀಕ್ಷಿಸುತ್ತಾನೆ. ಹಿಂದಿರುಗುವ ನೊರೆ ಅಗಲವಾಗಿ ಕಂಡಲ್ಲಿ ದೋಣಿಯನ್ನು ಹೆಗಲಿಗೇರಿಸಿ ದಡದ ಮೇಲೆಯೇ ದಾಟುತ್ತಾನೆ.