ಕಿವಿಯೊಳಗಿನ ಹರಳು ಮತ್ತು ವಿಟಮಿನ್ ಡಿ

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ ಕೂಡಲೇ ಇಡೀ ಕೋಣೆ ಗಿರ್ರನೆ ತಿರುಗುತ್ತೆ. ಹೆಚ್ಚೆಂದರೆ ಒಂದು ನಿಮಿಷ, ಆಮೇಲೆ ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ ನಿಂತುಬಿಡುತ್ತೆ. ಅಮ್ಮನಿಗೋ ಅಜ್ಜಿಗೋ ಹೀಗಾದರೆ ‘ಬಿಪಿ ಇರಬೇಕು’, ‘ಪಿತ್ತ ಆಗಿದೆ’ ಅಂತ ಸುಮ್ಮನಾಗುತ್ತೇವೆ. ಬಹಳ ಸಲ ಅದು ಬಿಪಿಪಿವಿ, ಅಂದರೆ ತಲೆಯ ಭಂಗಿ ಬದಲಾದಾಗ ಬರುವ ತಲೆಸುತ್ತು.

ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತೆ. ಪ್ರಾಜೆಕ್ಟಿಗೆ ಬಳಸೋ ಎಂಪಿಯು-6050 ಚಿಪ್ಪಿನಲ್ಲಿ ಆಕ್ಸೆಲೆರೋಮೀಟರ್, ಜೈರೋಸ್ಕೋಪ್ ಎರಡೂ ಇರುತ್ತವಲ್ಲ, ಒಳಕಿವಿಯಲ್ಲೂ ಹಾಗೇ. ಯುಟ್ರಿಕಲ್ ಎಂಬ ಚೀಲದಲ್ಲಿ ಜೆಲ್ಲಿನಂಥ ಪದರ, ಅದರ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಪುಟ್ಟ ಹರಳುಗಳು. ಇವೇ ಇಲ್ಲಿನ ಪ್ರೂಫ್ ಮಾಸ್. ಪಕ್ಕದ ಮೂರು ಅರ್ಧವೃತ್ತ ನಾಳಗಳು ತಲೆ ತಿರುಗುವುದನ್ನು ಅಳೆಯುತ್ತವೆ. ಹರಳು ಕಳಚಿ ನಾಳಕ್ಕೆ ಬಿತ್ತು ಅನ್ನಿ, ಮಲಗಿದಾಗ ಅದು ಜಾರಿ ಅಲ್ಲಿನ ದ್ರವವನ್ನು ತಳ್ಳುತ್ತೆ. ತಲೆ ಅಲ್ಲಾಡದಿದ್ದರೂ ಮೆದುಳಿಗೆ ‘ತಿರುಗ್ತಾ ಇದೀವಿ’ ಅನ್ನೋ ಸಿಗ್ನಲ್ ಹೋಗುತ್ತೆ.

ಹಾಗಾಗಿ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಗುರುತ್ವಾಕರ್ಷಣೆ. ಅಮೆರಿಕದ ವೈದ್ಯ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳನ್ನು ವಾಪಸ್ ಯುಟ್ರಿಕಲ್‌ಗೆ ಉರುಳಿಸುತ್ತಾರೆ. ಇದಕ್ಕೂ ಬಗ್ಗದಿದ್ದರೆ ಯಾವ ಕಿವಿ, ಯಾವ ನಾಳ ಅಂತ ಮತ್ತೆ ಪರೀಕ್ಷಿಸಬೇಕು. ಹಿಂಬದಿಯ ನಾಳಕ್ಕಿರುವ ಎಪ್ಲಿ ಕ್ರಮ ಅಡ್ಡ ನಾಳಕ್ಕೆ ನಡೆಯಲ್ಲ.

ವಾಸಿಯಾಗಿ ಮತ್ತೆ ಮತ್ತೆ ಬರೋದು ಬೇರೆ ಕಥೆ. ವಿಟಮಿನ್ ಡಿ ಬರೋದು ಇಲ್ಲೇ. ದೇಹ ಕ್ಯಾಲ್ಸಿಯಂ ಹೀರಿಕೊಳ್ಳೋಕೆ ಅದು ಬೇಕು, ಹರಳುಗಳೋ ಕ್ಯಾಲ್ಸಿಯಂನವೇ. ದಕ್ಷಿಣ ಕೊರಿಯಾದ 8 ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗವೊಂದು 2020ರಲ್ಲಿ ‘ನ್ಯೂರಾಲಜಿ’ ಪತ್ರಿಕೆಯಲ್ಲಿ ಬಂತು. ವಾಸಿಯಾದವರ ಒಂದು ಗುಂಪಿನಲ್ಲಿ, ರಕ್ತದಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದವರಿಗೆ ಒಂದು ವರ್ಷ, ದಿನಕ್ಕೆರಡು ಸಲ 400 ಐಯು ವಿಟಮಿನ್ ಡಿ ಮತ್ತು 500 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಕೊಟ್ಟರು. ಆ ಗುಂಪಿನಲ್ಲಿ ತಲೆಸುತ್ತು ಮರುಕಳಿಸಿದ್ದು ವರ್ಷಕ್ಕೆ ತಲಾ 0.83 ಸಲ, ಇನ್ನೊಂದು ಗುಂಪಿನಲ್ಲಿ 1.10 ಸಲ. ಸುಮಾರು ಕಾಲುಭಾಗ ಕಡಿಮೆ, ಪೂರ್ತಿ ಸೊನ್ನೆಯಲ್ಲ. ಇನ್ನೊಂದು ಗುಂಪಿಗೆ ಹುಸಿಮಾತ್ರೆ ಕೊಟ್ಟಿರಲಿಲ್ಲ ಅನ್ನೋದೂ ನೆನಪಿರಲಿ. ಲ್ಯಾಬ್ ವೈವಾದಲ್ಲಿ ಮೊದಲು ಕೇಳೋ ಪ್ರಶ್ನೆ ಅದೇ ಅಲ್ವಾ?

ಅಂದರೆ ನಾಳಕ್ಕೆ ಬಿದ್ದ ಹರಳನ್ನು ವಿಟಮಿನ್ ಎತ್ತಿಡಲ್ಲ. ಪದೇ ಪದೇ ಬರ್ತಿದ್ದರೆ ರಕ್ತಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಮಾತ್ರ ವೈದ್ಯರು ಹೇಳಿದಷ್ಟು ತಗೊಳ್ಳಿ. ಮೆಡಿಕಲ್ ಶಾಪಿನಲ್ಲಿ ಸಿಗೋ 60,000 ಐಯು ಪುಡಿಯನ್ನು ದಿನಾ ಕುಡಿಯೋ ಸಾಹಸ ಬೇಡ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲು ಸೋತರೆ ಹರಳಿನ ಲೆಕ್ಕಾಚಾರ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.