ಪೀಪಾಯಿಯ ಮದ್ದು

ವಿದ್ಯಾರ್ಥಿಗಳೇ, ವಾಂತಿಭೇದಿಯಾದಾಗ ಕೊಡುವ ಓ.ಆರ್.ಎಸ್. ಪುಡಿಯನ್ನು ನೀವು ಬಲ್ಲಿರಿ. ಕಾಲರಾ ಕೊಲ್ಲುವುದು ದೇಹದ ನೀರನ್ನೂ ಉಪ್ಪನ್ನೂ ಬಸಿದು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಈ ರೋಗ ಹಬ್ಬಿತು. ರಕ್ತನಾಳಕ್ಕೆ ಏರಿಸುವ ಸಲೈನ್ ಸಾಲದಾಯಿತು, ಏರಿಸಬಲ್ಲವರೂ ಕೆಲವರೇ. ಡಾ. ದಿಲೀಪ್ ಮಹಾಲನಬಿಸ್ ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆ ಸೋಡಾದಂತೆ ಬೆರೆಸಿ ಪೀಪಾಯಿಗಳಲ್ಲಿ ಇರಿಸಿದರು. ಗ್ಲೂಕೋಸ್ ಜೊತೆಗಿದ್ದರೆ ರೋಗಪೀಡಿತ ಕರುಳೂ ಉಪ್ಪುನೀರನ್ನು ಹೀರಿಕೊಳ್ಳುತ್ತದೆ. ಈ ತತ್ತ್ವ ಮೊದಲೇ ತಿಳಿದಿತ್ತು. ಶಿಬಿರದ ಗದ್ದಲದಲ್ಲಿ ಅದನ್ನು ನೆಚ್ಚಲು ಮಾತ್ರ ಎದೆಗಾರಿಕೆ ಬೇಕಿತ್ತು. ಲೋಟ ಹಿಡಿದು ಕುಡಿಸಿದವರು ರೋಗಿಗಳ ಮನೆಯವರೇ! ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಪದ್ಮವಿಭೂಷಣ ಅವರಿಗೆ ಸಂದದ್ದು 2023ರಲ್ಲಿ, ಅವರು ತೀರಿಕೊಂಡ ಮೇಲೆ.