ಮಗನ ಹೆಸರಲ್ಲೇ ಎಫ್‌.ಡಿ. ಇಟ್ಟರೆ?

ಪ್ರಶ್ನೆ: ನಮ್ಮ ಮಗನಿಗೆ 11 ವರ್ಷ, ಸೆರೆಬ್ರಲ್ ಪಾಲ್ಸಿ ಇದೆ. ಇಂಥ ಮಕ್ಕಳಿಗೆಂದೇ ತೆರಿಗೆಯಿಲ್ಲದ ಉಳಿತಾಯ ಖಾತೆ ಇದೆಯೆಂದು ಅಮೆರಿಕದಲ್ಲಿರುವ ನನ್ನ ತಂಗಿ ಹೇಳುತ್ತಾಳೆ. ನಮ್ಮಲ್ಲೂ ಇದೆಯೇ?
– ಓದುಗರೊಬ್ಬರು, ಚಿಕ್ಕಬಾಣಾವರ

ಉತ್ತರ: ನಿಮ್ಮ ತಂಗಿ ಹೇಳುವುದು ‘ಏಬಲ್’ ಖಾತೆ. 2014ರ ಕೊನೆಗೆ ಅಲ್ಲಿ ಕಾನೂನಾಯಿತು. ಅದರ ಗಳಿಕೆಯನ್ನು ಅಂಗವೈಕಲ್ಯಕ್ಕೆ ಸಂಬಂಧಿಸಿದ ಖರ್ಚಿಗೆ ಬಳಸಿದರೆ ತೆರಿಗೆ ಇಲ್ಲ. ನಮ್ಮಲ್ಲಿ ಆ ಬಗೆಯ ಖಾತೆ ಇಲ್ಲ. ಆದರೆ ಹೆಚ್ಚುಕಡಿಮೆ ಅದೇ ಕೆಲಸ ಮಾಡುವ ದಾರಿ ನಮ್ಮ ಕಾನೂನಿನಲ್ಲೇ ಇದೆ.

ಸಾಮಾನ್ಯವಾಗಿ ಅಪ್ರಾಪ್ತ ಮಕ್ಕಳ ಹೆಸರಿನ ಠೇವಣಿಗೆ ಬರುವ ಬಡ್ಡಿಯನ್ನು ಅಪ್ಪ ಅಥವಾ ಅಮ್ಮನ ಆದಾಯಕ್ಕೇ ಸೇರಿಸುತ್ತಾರೆ. ಶೇ 40 ಅಥವಾ ಹೆಚ್ಚಿನ ಅಂಗವೈಕಲ್ಯ ಇರುವ ಮಕ್ಕಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅವರ ಬಡ್ಡಿ ಅವರದೇ ಆದಾಯ. ಮಗನ ಹೆಸರಲ್ಲಿ 10 ಲಕ್ಷ ರೂಪಾಯಿಯನ್ನು ಶೇ 7ರ ಬಡ್ಡಿಗೆ ಇಟ್ಟಿರೆನ್ನಿ. ವರ್ಷಕ್ಕೆ 70,000 ರೂ. ಬರುತ್ತದೆ. ನೀವು ಶೇ 20ರ ತೆರಿಗೆ ಹಂತದಲ್ಲಿದ್ದರೆ, ನಿಮ್ಮ ಹೆಸರಲ್ಲಿ ಅದಕ್ಕೆ ಸೆಸ್ ಸೇರಿ 14,560 ರೂ. ತೆರಿಗೆ. ಮಗನಿಗೆ ಬೇರೆ ಆದಾಯ ಇಲ್ಲದಿದ್ದರೆ ಏನೂ ಇಲ್ಲ. ನೀವು ಅವನಿಗೆ ಕೊಟ್ಟ ಹಣಕ್ಕೂ ತೆರಿಗೆ ಬೀಳದು. ಅವನ ಹೆಸರಲ್ಲಿ ಪ್ಯಾನ್ ಮಾಡಿಸಿ ಎಫ್‌.ಡಿ.ಗೆ ಜೋಡಿಸಿ, ಬ್ಯಾಂಕು ಟಿ.ಡಿ.ಎಸ್‌. ಮುರಿದುಕೊಳ್ಳದಂತೆ ಘೋಷಣೆ ಕೊಡಿ.

ಇನ್ನೊಂದು ಅನುಕೂಲ 80ಡಿಡಿ ಎಂದೇ ಎಲ್ಲರೂ ಕರೆಯುವ ಕಡಿತ. ಮಗನ ಚಿಕಿತ್ಸೆ, ತರಬೇತಿ, ಪಾಲನೆಗೆ ನೀವು ಮಾಡಿದ ಖರ್ಚು ಎಷ್ಟೇ ಇರಲಿ, ನಿಮ್ಮ ಆದಾಯದಿಂದ 75,000 ರೂ. ಕಳೆಯಬಹುದು, ಅಂಗವೈಕಲ್ಯ ಶೇ 80 ಅಥವಾ ಹೆಚ್ಚಿದ್ದರೆ 1,25,000 ರೂ. ಇದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ. ಮೇಲೆ ಹೇಳಿದ ಠೇವಣಿಯ ಲಾಭಕ್ಕೆ ಆ ಕಟ್ಟು ಇಲ್ಲ. ಮಗನೇ ತನ್ನ ಆದಾಯದಲ್ಲಿ, ಅಂಗವಿಕಲರಿಗೇ ಇರುವ 80ಯು ಕಡಿತ ಕೇಳಿದರೆ ನಿಮಗೆ 80ಡಿಡಿ ಸಿಗದು ಎಂಬುದೂ ನೆನಪಿರಲಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಈ ಕಲಂಗಳ ಸಂಖ್ಯೆ ಬೇರೆ.

ಎಲ್ಲಕ್ಕೂ ಮೊದಲು ಬೇಕಾದದ್ದು ಅಂಗವೈಕಲ್ಯದ ಪ್ರಮಾಣಪತ್ರ. ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡ್ ಮಾಡಿಸಿ. ಸೆರೆಬ್ರಲ್ ಪಾಲ್ಸಿಗೆ ತೆರಿಗೆ ಇಲಾಖೆ ಪ್ರತ್ಯೇಕ ನಮೂನೆಯನ್ನೂ ಕೇಳುತ್ತದೆ. ಅದನ್ನು ಮಕ್ಕಳ ನರರೋಗ ತಜ್ಞರಿಂದ ಅಥವಾ ಸರ್ಕಾರಿ ಆಸ್ಪತ್ರೆಯ ಸಿವಿಲ್ ಸರ್ಜನ್ ಇಲ್ಲವೇ ಮುಖ್ಯ ವೈದ್ಯಾಧಿಕಾರಿಯಿಂದ ಪಡೆಯಿರಿ.

ಒಂದು ಎಚ್ಚರಿಕೆ. ಹಣ ಮಗನದೇ ಆದ್ದರಿಂದ, ಅವನಿಗೆ 18 ತುಂಬಿದ ದಿನದಿಂದ ನಿಮ್ಮ ಸಹಿ ಅಲ್ಲಿ ನಡೆಯುವುದಿಲ್ಲ. ಅವನು ತಾನೇ ವ್ಯವಹಾರ ನೋಡಿಕೊಳ್ಳಬಲ್ಲನಾದರೆ ತೊಂದರೆಯಿಲ್ಲ. ಇಲ್ಲದಿದ್ದರೆ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿ ನಿಮ್ಮನ್ನು ಕಾನೂನುಬದ್ಧ ಪಾಲಕರೆಂದು ನೇಮಿಸಬೇಕು. ಚಿಕ್ಕಬಾಣಾವರದವರು ಬೆಂಗಳೂರು ನಗರ ಜಿಲ್ಲೆಯ ಸಮಿತಿಗೆ ಅರ್ಜಿ ಹಾಕಬೇಕು. ಸೆರೆಬ್ರಲ್ ಪಾಲ್ಸಿ ಈ ಕಾಯ್ದೆಯ ವ್ಯಾಪ್ತಿಯಲ್ಲಿದೆ. ಎಫ್‌.ಡಿ.ಯ ಅವಧಿ ಅವನ 18ನೇ ಹುಟ್ಟುಹಬ್ಬದ ಆಚೆ ಹೋಗುವುದಾದರೆ ಈ ಕೆಲಸವನ್ನೂ ಈಗಲೇ ಲೆಕ್ಕಕ್ಕೆ ಹಿಡಿದುಕೊಳ್ಳಿ.